ಬಿದ್ದರೇನಂತೆ, ಮತ್ತೆ ನೆಗೆ!

ದುಡ್ಡು ಕೊಟ್ಟು ಸೋಲನ್ನು ಕೊಂಡು ತರುವವರನ್ನು ಎಲ್ಲಾದರೂ ಕಂಡಿದ್ದೀರಾ? ಒಂದು ಸಲವಲ್ಲ, ಎರಡು ಸಲವಲ್ಲ, ಒಂದೇ ಸಂಜೆಗೆ ನೂರಿನ್ನೂರು ಸಲ ಸೋಲುವುದು, ಸೋತಾಗಲೆಲ್ಲ "ಥತ್!" ಎಂದು ತೊಡೆ ಬಡಿದುಕೊಳ್ಳುವುದು, ಮರುಗಳಿಗೆಯೇ ಮತ್ತೆ ಶುರು ಹಚ್ಚಿಕೊಳ್ಳುವುದು! ನೋಡುವವರಿಗೆ ಇದು ಹುಚ್ಚೆನ್ನಿಸಬೇಕು. ಆದರೆ ನಿಮ್ಮ ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಈ ಹುಚ್ಚು ನಿಮ್ಮ ನಡುಮನೆಯಲ್ಲೇ ನಡೆದಿರಬಹುದು. "ಊಟಕ್ಕೆ ಬಾರೋ, ಸಾರು ಆರಿಹೋಯ್ತು" ಎಂದು ಮೂರು ಸಲ ಕರೆದರೂ, "ಬಂದೆ ಅಮ್ಮಾ, ಇದೊಂದೇ ಒಂದು ಸಲ" ಎನ್ನುವ ಉತ್ತರ ಬರುತ್ತಿದೆಯೆ? ಬೈಯುವ ಮೊದಲು ಒಂದೈದು ನಿಮಿಷ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕುಳಿತು ನೋಡಿ. ಪರದೆಯ ಮೇಲೆ ಪುಟ್ಟದೊಂದು ಗೊಂಬೆ ಓಡುತ್ತದೆ, ನೆಗೆಯುತ್ತದೆ, ಮುಳ್ಳಿನ ಮೇಲೆ ಬಿದ್ದು ಸಾಯುತ್ತದೆ. ಮತ್ತೆ ಹುಟ್ಟುತ್ತದೆ, ಮತ್ತೆ ನೆಗೆಯುತ್ತದೆ. ಅಷ್ಟೇ ಆಟ. ಅಷ್ಟರಲ್ಲಿ ಏನಿದೆ ಅಂಥ ಸೊಗಸು?

ಕುಂಟೆಬಿಲ್ಲೆಯ ತಂಗಿ

ವಿಡಿಯೋ ಗೇಮ್ ಎಂದಕೂಡಲೆ ಬಂದೂಕು ಹಿಡಿದು ಢಂ ಢಂ ಎನ್ನಿಸುವುದು, ಇಲ್ಲವೆ ಕಾರು ಓಡಿಸುವುದು ನಮ್ಮ ಕಣ್ಣಿಗೆ ಬರುತ್ತದೆ. ಇದು ಬೇರೆ ಜಾತಿ. ಕಟ್ಟೆಯಿಂದ ಕಟ್ಟೆಗೆ, ಜಗಲಿಯಿಂದ ಜಗಲಿಗೆ ಹಾರುವ ಈ ಆಟಗಳಿಗೆ ಪ್ಲಾಟ್‌ಫಾರ್ಮರ್ ಎಂದು ಹೆಸರು. ಅದರಲ್ಲೂ ಕೂದಲೆಳೆಯಷ್ಟು ತಪ್ಪಿದರೂ ಆಟಗಾರ ಬೀಳುವಂಥವನ್ನು ಪ್ರಿಸಿಷನ್ ಪ್ಲಾಟ್‌ಫಾರ್ಮರ್ ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ನಮಗೆ ಹಳೆಯದು. ಅಂಗಳದಲ್ಲಿ ಇದ್ದಿಲಿನಿಂದ ಮನೆ ಬರೆದು, ಬಿಲ್ಲೆ ಎಸೆದು, ಲಂಗ ಎತ್ತಿ ಕಟ್ಟಿ ಒಂಟಿ ಕಾಲಲ್ಲಿ ಕುಂಟುತ್ತಿದ್ದೆವಲ್ಲ, ಗೆರೆ ತುಳಿದರೆ "ಔಟ್!" ಎಂದು ಗೆಳತಿಯರು ಕೂಗುತ್ತಿದ್ದರಲ್ಲ, ಅದೇ ಕುಂಟೆಬಿಲ್ಲೆಯ ತಂಗಿ ಇದು. ಕಾಲಿನ ಬದಲು ಬೆರಳು, ಅಂಗಳದ ಬದಲು ಪರದೆ.

ಈ ವಂಶದ ಹಿರಿಯ 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ 'ಡಾಂಕಿ ಕಾಂಗ್'. ಶಿಗೆರು ಮಿಯಾಮೊಟೊ ಎಂಬವರು ರೂಪಿಸಿದ ಆ ಆಟದಲ್ಲಿ ಉರುಳಿ ಬರುವ ಪೀಪಾಯಿಗಳನ್ನು ಹಾರಿ ದಾಟುತ್ತಿದ್ದ ಮೀಸೆಯ ಗಿಡ್ಡನೇ ಮುಂದೆ 1985ರ 'ಸೂಪರ್ ಮಾರಿಯೊ ಬ್ರದರ್ಸ್'ನ ನಾಯಕನಾದ. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲೂ ಟಿ.ವಿ.ಗೆ ಪೆಟ್ಟಿಗೆ ಜೋಡಿಸಿ, ಕ್ಯಾಸೆಟ್ ತುರುಕಿ ಮಕ್ಕಳು ಆಡುತ್ತಿದ್ದ ಮಾರಿಯೊನನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ, ತಮ್ಮನ ಕೈಯಿಂದ ಕಸಿದುಕೊಂಡು ಆಡಿಯೂ ಇರುತ್ತೀರಿ.

ಆ ಕಾಲದ ಆಟಗಳಲ್ಲಿ 'ಮೂರು ಜೀವ' ಎಂಬ ಲೆಕ್ಕವಿತ್ತು. ಮೂರು ಸಲ ಬಿದ್ದರೆ ಆಟ ಮುಗಿಯಿತು, ಮೊದಲಿನಿಂದ ಬಾ! ಇದರ ಹಿಂದೆ ವ್ಯಾಪಾರದ ಗುಟ್ಟಿತ್ತು. ಮೊದಮೊದಲು ಇಂಥ ಆಟಗಳು ಇದ್ದದ್ದು ನಾಣ್ಯ ಹಾಕಿ ಆಡುವ ಅಂಗಡಿ ಯಂತ್ರಗಳಲ್ಲಿ. ಆಟಗಾರ ಬೇಗ ಸತ್ತರೆ ತಾನೇ ಇನ್ನೊಂದು ನಾಣ್ಯ ಬೀಳುವುದು? ಆಟ ಮನೆಗೆ ಬಂದ ಮೇಲೂ ಆ ಹಳೆಯ ಚಾಳಿ ಬಹಳ ಕಾಲ ಉಳಿಯಿತು. ತಪ್ಪಿದವನಿಗೆ ದಂಡ ಹಾಕುವುದೇ ಆಟದ ನ್ಯಾಯವೆಂದು ಎಲ್ಲರೂ ನಂಬಿದ್ದರು.

ಚರ್ಮವಿಲ್ಲದ ಹುಡುಗ

ಆ ನ್ಯಾಯವನ್ನು ತಿರುಗಿಸಿದ ಆಟಗಳಲ್ಲಿ ಹೆಸರಾದದ್ದು 2010ರ ಅಕ್ಟೋಬರಿನಲ್ಲಿ ಬಂದ 'ಸೂಪರ್ ಮೀಟ್ ಬಾಯ್'. ಅಮೆರಿಕದ ಎಡ್ಮಂಡ್ ಮೆಕ್‌ಮಿಲನ್ ಮತ್ತು ಟಾಮಿ ರೆಫೆನೆಸ್ ಎಂಬಿಬ್ಬರು ಇದರ ಕರ್ತೃಗಳು. ಒಬ್ಬರು ಚಿತ್ರ ಬರೆದರು, ಇನ್ನೊಬ್ಬರು ಕಂಪ್ಯೂಟರಿನ ಲೆಕ್ಕ ಬರೆದರು. ದೊಡ್ಡ ಕಂಪನಿಗಳ ನೂರಾರು ನೌಕರರಿಲ್ಲದೆ ಆಟ ಕಟ್ಟಿದ ಇವರ ಪಾಡು 'ಇಂಡಿ ಗೇಮ್: ದ ಮೂವಿ' ಎಂಬ 2012ರ ಸಾಕ್ಷ್ಯಚಿತ್ರದಲ್ಲಿದೆ.

ಆಟದ ನಾಯಕ ಒಂದು ಮಾಂಸದ ತುಂಡು! ಮೂಗು ಮುರಿಯಬೇಡಿ, ಸ್ವಲ್ಪ ತಾಳಿ. ಮೈಮೇಲೆ ಚರ್ಮವಿಲ್ಲದ ಪಾಪದ ಹುಡುಗ ಅವನು. ಚರ್ಮವಿಲ್ಲದವನಿಗೆ ಉಪ್ಪು ತಾಗಿದರೆ ಉರಿಯುತ್ತದಲ್ಲವೆ? ಅದಕ್ಕೇ ಆಟದ ಒಂದು ಅಧ್ಯಾಯವೇ 'ಉಪ್ಪಿನ ಕಾರ್ಖಾನೆ'. ಅವನ ಗೆಳತಿ ಮೈಯೆಲ್ಲ ಬ್ಯಾಂಡೇಜಿನಿಂದ ಆದವಳು. ಗಾಯದಂಥ ಹುಡುಗನಿಗೆ ಪಟ್ಟಿಯಂಥ ಹುಡುಗಿ! ದುಷ್ಟನೊಬ್ಬ ಅವಳನ್ನು ಹೊತ್ತೊಯ್ಯುತ್ತಾನೆ, ಇವನು ಹಿಂದೆ ಓಡುತ್ತಾನೆ. ದಾರಿತುಂಬ ಗರಗರ ತಿರುಗುವ ಗರಗಸದ ಚಕ್ರಗಳು. ಮುನ್ನೂರಕ್ಕೂ ಹೆಚ್ಚು ಹಂತಗಳು. ಆದರೆ ಹೆಚ್ಚಿನವು ಹಾಲು ಉಕ್ಕಿ ಬರುವಷ್ಟರೊಳಗೆ ಮುಗಿಯುವಷ್ಟು ಚಿಕ್ಕವು. ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಮೊದಲ ಜಾಗದಲ್ಲಿ ನಿಂತಿರುತ್ತೀರಿ. ಮುಖ್ಯ ಹಂತಗಳಲ್ಲಿ ಜೀವಗಳ ಎಣಿಕೆಯೇ ಇಲ್ಲ. ಎಷ್ಟು ಸಲ ಬೇಕಾದರೂ ಬೀಳಿ, ಕೇಳುವವರಿಲ್ಲ.

ಇದರಲ್ಲಿ ನನಗೆ ಬಲು ಮೆಚ್ಚಿಗೆಯಾದ ಸಂಗತಿ ಹಂತ ಗೆದ್ದ ಮೇಲೆ ಬರುವುದು. ಅಲ್ಲಿಯವರೆಗಿನ ನಿಮ್ಮ ಪ್ರಯತ್ನಗಳನ್ನೆಲ್ಲ ಆಟ ಒಟ್ಟಿಗೇ ಓಡಿಸಿ ತೋರಿಸುತ್ತದೆ. ನಲವತ್ತು ಸಲ ಸೋತಿದ್ದರೆ ನಲವತ್ತು ಕೆಂಪು ಹುಡುಗರು ಒಟ್ಟಿಗೆ ಹೊರಡುತ್ತಾರೆ. ಕೆಲವರು ಮೊದಲ ಗರಗಸಕ್ಕೇ ಸಿಗುತ್ತಾರೆ, ಕೆಲವರು ಎರಡನೆಯದಕ್ಕೆ. ಗುಂಪು ಕರಗುತ್ತ ಕರಗುತ್ತ ಕೊನೆಗೆ ಒಬ್ಬನೇ ಒಬ್ಬ ಗೆಳತಿಯ ಬಳಿ ತಲುಪುತ್ತಾನೆ. ಸೋತವರೆಲ್ಲ ದಾರಿ ತೋರಿಸಿದ್ದರಿಂದಲೇ ಈ ಒಬ್ಬ ಗೆದ್ದ ಎಂಬುದು ಯಾರೂ ಹೇಳಿಕೊಡದೆ ಮನಸ್ಸಿಗೆ ಹತ್ತುತ್ತದೆ.

ಬೆಟ್ಟ ಹತ್ತಿದ ಮ್ಯಾಡಲಿನ್

ಇನ್ನೊಂದು ಆಟ ನಮ್ಮ ನಿಮ್ಮಂಥವರ ಮನಸ್ಸಿಗೆ ಇನ್ನೂ ಹತ್ತಿರದ್ದು. ಹೆಸರು 'ಸೆಲೆಸ್ಟ್'. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಎಂಬಿಬ್ಬರು ನಾಲ್ಕೇ ದಿನದಲ್ಲಿ ಚಿಕ್ಕದೊಂದು ಆಟ ಮಾಡಿದರು. ಅದೇ ಬೆಳೆದು ದೊಡ್ಡದಾಗಿ, ಕೆನಡಾದ ವ್ಯಾಂಕೂವರಿನ ಅವರ ಪುಟ್ಟ ತಂಡದಿಂದ 2018ರ ಜನವರಿ 25ರಂದು ಹೊರಬಂತು. ಸಂಗೀತ ಲೀನಾ ರೇನ್ ಅವರದು. ಆ ವರ್ಷದ 'ದ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಸ್ವತಂತ್ರ ತಂಡಗಳ ಅತ್ಯುತ್ತಮ ಆಟವೆಂದೂ, ಸಮಾಜದ ಮೇಲೆ ಪರಿಣಾಮ ಬೀರಿದ ಆಟವೆಂದೂ ಎರಡು ಪ್ರಶಸ್ತಿ ಪಡೆಯಿತು.

ಕಥೆ ಸರಳ. ಮ್ಯಾಡಲಿನ್ ಎಂಬ ಹುಡುಗಿಗೆ ಸೆಲೆಸ್ಟ್ ಬೆಟ್ಟದ ತುದಿ ಮುಟ್ಟಬೇಕು. ಅವಳಿಗೆ ದೇಹದಲ್ಲಿ ಕಾಯಿಲೆಯಿಲ್ಲ, ಮನಸ್ಸಿನಲ್ಲಿ ಆತಂಕ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, 'ನನ್ನಿಂದ ಆಗದು' ಎನ್ನುವ ದನಿ ಒಳಗಿನಿಂದಲೇ ಬರುವುದು. ಬುಡದಲ್ಲೇ ಒಬ್ಬ ಅಜ್ಜಿ ಸಿಕ್ಕಿ, ಇದು ನಿನ್ನಿಂದ ಆದೀತೆ ಎಂಬಂತೆ ಕಿಸಕ್ಕನೆ ನಗುತ್ತಾಳೆ. ಹುಡುಗಿ ಹಟದಿಂದ ಹತ್ತುತ್ತಾಳೆ. ಬೆಟ್ಟದಲ್ಲಿ ಅವಳ ಒಳಗಿನ ಅಂಜಿಕೆಯೇ ಒಂದು ರೂಪ ತಾಳಿ, ಅವಳದೇ ಮುಖ ಹೊತ್ತು ಎದುರು ನಿಲ್ಲುತ್ತದೆ. "ವಾಪಸು ಹೋಗು" ಎಂದು ಅಟ್ಟಿಸಿಕೊಂಡು ಬರುತ್ತದೆ.

ಆಡುವವರ ಕೈಗೆ ಸಿಗುವ ವಿದ್ಯೆ ಮೂರೇ: ನೆಗೆಯುವುದು, ಗೋಡೆಗೆ ಅಂಟಿ ಹತ್ತುವುದು, ಗಾಳಿಯಲ್ಲಿ ಒಂದು ಸಲ ರೊಯ್ಯನೆ ಚಿಮ್ಮುವುದು. ಚಿಮ್ಮುವ ಶಕ್ತಿ ಇದ್ದಾಗ ಮ್ಯಾಡಲಿನ್‌ಳ ತಲೆಗೂದಲು ಕೆಂಪು, ಮುಗಿದಾಗ ನೀಲಿ. ನೆಲ ಮುಟ್ಟಿದರೆ ಮತ್ತೆ ಕೆಂಪು. ಈ ಮೂರೇ ಸಾಮಾನಿನಲ್ಲಿ ನೂರಾರು ಕೋಣೆಗಳು! ಬರಿಯ ಅಕ್ಕಿ ಉದ್ದಿನಲ್ಲಿ ಇಡ್ಲಿ, ದೋಸೆ, ಪಡ್ಡು ಎಂದು ಬಗೆಬಗೆಯಾಗಿ ಬಡಿಸುವ ಜಾಣ ಗೃಹಿಣಿಯ ಕೈಚಳಕ ಇಲ್ಲಿದೆ. ಒಂದು ಕೋಣೆ ಎಂದರೆ ಹೆಚ್ಚುಕಡಿಮೆ ಒಂದು ಪರದೆ. ಬಿದ್ದರೆ ಆ ಕೋಣೆಯ ಬಾಗಿಲಿಗೆ ಮಾತ್ರ ವಾಪಸು. ಹತ್ತಿದ್ದು ಹತ್ತಿದ್ದೇ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ದಾರಿಯಲ್ಲಿ ಅಲ್ಲಲ್ಲಿ ಸ್ಟ್ರಾಬೆರಿ ಹಣ್ಣುಗಳಿವೆ, ಒಟ್ಟು 175. ಅವುಗಳಿಂದ ಶಕ್ತಿಯೂ ಬಾರದು, ಹೊಸ ಬಾಗಿಲೂ ತೆರೆಯದು. ಕಷ್ಟದ ಮೂಲೆಗೆ ಹೋಗಿ ಕಿತ್ತು ತಂದೆ ಎಂಬ ಹೆಮ್ಮೆಗೆ ಮಾತ್ರ ಅವು. ಹಣ್ಣು ಮುಟ್ಟಿದರಷ್ಟೇ ಸಾಲದು. ಕ್ಷೇಮವಾಗಿ ನೆಲಕ್ಕೆ ಇಳಿದರೆ ಮಾತ್ರ ನಿಮ್ಮದು. ಎಲ್ಲ ಮುಗಿದ ಮೇಲೆ ಕಥೆಯ ಜನರೆಲ್ಲ ಸೇರಿ ಆ ಹಣ್ಣಿನ ಕಡುಬಿನಂಥ 'ಪೈ' ಮಾಡಿ ತಿನ್ನುತ್ತಾರೆ. ಹಣ್ಣು ಹೆಚ್ಚು ತಂದಷ್ಟೂ ಪೈ ಚೆನ್ನಾಗಿ ಬರುತ್ತದೆ, ಕಡಮೆ ತಂದರೆ ಅಷ್ಟಕ್ಕಷ್ಟೆ.

ಕಷ್ಟವಿದೆ, ಕ್ರೌರ್ಯವಿಲ್ಲ

ಸೆಲೆಸ್ಟ್ ಸುಲಭದ ಆಟವಲ್ಲ. ಮೊದಲ ಸಲ ತುದಿ ಮುಟ್ಟುವವರು ಸಾವಿರ ಸಲ ಬೀಳುವುದು ಮಾಮೂಲು. ಎಷ್ಟು ಸಲ ಬಿದ್ದಿರೆಂದು ಆಟ ಲೆಕ್ಕವನ್ನೂ ಇಡುತ್ತದೆ. ಅವಮಾನ ಮಾಡಲಿಕ್ಕಲ್ಲ, ಬಿದ್ದಷ್ಟೂ ಕಲಿತಿದ್ದೀರಿ, ಹೆಮ್ಮೆಪಡಿ ಎಂದು ಆಟವೇ ಶುರುವಿನಲ್ಲಿ ಧೈರ್ಯ ಹೇಳುತ್ತದೆ.

ಇನ್ನೂ ಒಂದು ಗುಟ್ಟು ಇದೆ. ಹೊರಗೆ ಇಷ್ಟು ಬಿಗಿಯಾಗಿ ಕಾಣುವ ಆಟ ಒಳಗೊಳಗೆ ನಿಮಗೆ ಸಹಾಯ ಮಾಡುತ್ತಿರುತ್ತದೆ. ಕಟ್ಟೆಯ ಅಂಚು ದಾಟಿ ಕಾಲು ಗಾಳಿಗೆ ಬಿದ್ದ ಮೇಲೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ನೆಗೆಯಲು ಬಿಡುತ್ತದೆ. ಇದಕ್ಕೆ 'ಕಾಯೋಟಿ ಟೈಮ್' ಎನ್ನುತ್ತಾರೆ. ಕಾರ್ಟೂನಿನಲ್ಲಿ ಆ ತೋಳದಂಥ ಪ್ರಾಣಿ ಬಂಡೆಯ ಅಂಚು ದಾಟಿ ಗಾಳಿಯಲ್ಲೇ ಓಡಿ, ಕೆಳಗೆ ನೋಡಿದ ಮೇಲಷ್ಟೇ ಬೀಳುತ್ತದಲ್ಲ, ಅದರಿಂದ ಬಂದ ಹೆಸರು. ನೆಲ ಮುಟ್ಟುವುದಕ್ಕೆ ಚೂರು ಮೊದಲೇ ಅವಸರದಲ್ಲಿ ಗುಂಡಿ ಒತ್ತಿದಿರೋ, ಆಟ ಅದನ್ನು ನೆನಪಿಟ್ಟುಕೊಂಡು ನೆಲ ಮುಟ್ಟಿದ ತಕ್ಷಣ ನೆಗೆಸುತ್ತದೆ. ಮೇಲಿನ ಮೂಲೆಗೆ ತಲೆ ತಾಗುವಂತಿದ್ದರೆ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ತರಕಾರಿಯಾಕೆ ತೂಗಿ ಹಾಕಿದ ಮೇಲೆ ಒಂದು ಹಿಡಿ ಕೊಸರು ಹಾಕುವುದಿಲ್ಲವೆ, ಹಾಗೆ! ಆಡುವವರಿಗೆ ಇದು ಗೊತ್ತೇ ಆಗದು. 'ಅಬ್ಬಾ, ಕೂದಲೆಳೆಯಲ್ಲಿ ದಾಟಿದೆ' ಎಂಬ ಸಂತೋಷ ಮಾತ್ರ ಅವರದು.

ಅದೂ ಸಾಲದೆಂದರೆ 'ಅಸಿಸ್ಟ್ ಮೋಡ್' ಎಂಬ ಏರ್ಪಾಡಿದೆ. ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು, ಗೋಡೆ ಹಿಡಿದ ಕೈ ಸೋಲದಂತೆ ಮಾಡಿಕೊಳ್ಳಬಹುದು, ಸಾವೇ ಬಾರದಂತೆಯೂ ಮಾಡಿಕೊಳ್ಳಬಹುದು. ಬೆರಳು ಚುರುಕಿಲ್ಲದವರೂ, ಕೈನೋವಿನವರೂ, ಕಥೆಗಾಗಿ ಮಾತ್ರ ಆಡುವವರೂ ತುದಿ ಮುಟ್ಟಲಿ ಎಂಬುದು ಉದ್ದೇಶ.

ಸೋಲಿನಲ್ಲಿ ಸಿಹಿ ಎಲ್ಲಿಂದ?

ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ 2013ರಲ್ಲಿ ಇದನ್ನೇ ಕುರಿತು ಒಂದು ಪುಸ್ತಕ ಬರೆದರು. ಬದುಕಿನಲ್ಲಿ ನಾವೆಲ್ಲ ಸೋಲಿಗೆ ಹೆದರಿ ಓಡುವವರು. ಹಾಗಿದ್ದೂ ಸೋಲು ಖಂಡಿತವಿರುವ ಆಟಗಳನ್ನು ಹುಡುಕಿಕೊಂಡು ಹೋಗುತ್ತೇವೆ, ಏಕೆ ಎಂಬುದು ಅವರ ಪ್ರಶ್ನೆ. ಸೋತಾಗ 'ನನ್ನಲ್ಲಿ ಏನೋ ಕೊರತೆ' ಎಂದು ಆಟ ತೋರಿಸುತ್ತದೆ. ಆ ಕೊರತೆ ತುಂಬಿಕೊಳ್ಳುವ ಅವಕಾಶವನ್ನೂ ಅದೇ ಕೊಡುತ್ತದೆ.

ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಪ್ಪತ್ತರ ದಶಕದಲ್ಲೇ ಇನ್ನೊಂದು ಮಾತು ಹೇಳಿದ್ದರು. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಷ್ಟವಾದರೆ ಕಳವಳ. ಕೈಗೆ ತಕ್ಕ ಕಷ್ಟ ಸಿಕ್ಕಿ, ಮಾಡಿದ್ದು ಸರಿಯೋ ತಪ್ಪೋ ಕೂಡಲೇ ತಿಳಿಯುತ್ತಿದ್ದರೆ ಮನಸ್ಸು ಹೊತ್ತು ಮರೆತು ಅದರಲ್ಲೇ ಕರಗುತ್ತದೆ. ಇದಕ್ಕೆ ಅವರು 'ಫ್ಲೋ' ಎಂದು ಹೆಸರಿಟ್ಟರು. ನಿಮಗೇನು ಇದು ಹೊಸದೇ? ಹಬ್ಬದ ಮುಂಜಾನೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಎಳೆಯುವಾಗ ಹಾಲಿನವನು ಬಂದು ಕೂಗಿದ್ದು ಕೇಳಿಸಿತ್ತೆ? ಕಸೂತಿಯ ಎಳೆ ಲೆಕ್ಕ ಹಾಕುವಾಗ? ನಿಮ್ಮ ಮಗನಿಗೆ ಊಟದ ಕರೆ ಕೇಳಿಸದ್ದೂ ಅದೇ ಕಾರಣಕ್ಕೆ.

ಬೆರಳುಗಳ ಕಲಿಕೆಯಲ್ಲಿ ಇನ್ನೊಂದು ಸೋಜಿಗವುಂಟು. ರಾತ್ರಿ ಎಂಬತ್ತು ಸಲ ಬಿದ್ದ ಕೋಣೆಯನ್ನು ಮಾರನೆಯ ಬೆಳಿಗ್ಗೆ ಎರಡನೆಯ ಸಲಕ್ಕೇ ದಾಟಿಬಿಡುವುದುಂಟು. ನಿದ್ದೆಯಲ್ಲಿ ಮಿದುಳು ಹಗಲು ಕಲಿತ ಕೈಕೆಲಸವನ್ನು ಗಟ್ಟಿ ಮಾಡುತ್ತದೆ. ವೀಣೆ ಕಲಿಯುವವರಿಗೂ ಟೈಪಿಂಗ್ ಕಲಿಯುವವರಿಗೂ ಇದು ಅನ್ವಯಿಸುತ್ತದೆ.

ನಮ್ಮ ಮನೆಗಳಲ್ಲಿ ಎಷ್ಟು ಜೀವ?

ಈಗ ಸ್ವಲ್ಪ ನಮ್ಮ ಕಡೆ ತಿರುಗಿ ನೋಡೋಣ. ನಮ್ಮ ಮನೆಗಳಲ್ಲಿ ತಪ್ಪಿದವರಿಗೆ ಎಷ್ಟು ಜೀವ ಕೊಡುತ್ತೇವೆ? ಹೊಸ ಸೊಸೆ ಮಾಡಿದ ಹುಳಿಗೆ ಒಂದು ದಿನ ಉಪ್ಪು ಹೆಚ್ಚಾದರೆ ಹತ್ತು ವರ್ಷವಾದರೂ ಆ ಮಾತು ಹೋಗುವುದಿಲ್ಲ. ಸ್ಕೂಟರ್ ಕಲಿಯಲು ಹೊರಟು ಗೇಟಿಗೆ ಗುದ್ದಿದವಳಿಗೆ "ನಿನಗ್ಯಾಕೆ ಬೇಕಿತ್ತು?" ಎಂಬ ಒಂದೇ ಮಾತು; ಕೀಲಿಕೈ ಮತ್ತೆ ಅವಳ ಕೈಗೆ ಬಾರದು. ಮಗಳು ಗಣಿತದಲ್ಲಿ ಒಂದು ಸಲ ಫೇಲಾದರೆ ಅವಳಿಗೆ ಗಣಿತವೇ ಬಾರದೆಂದು ನೆಂಟರಿಷ್ಟರೆಲ್ಲ ಸೇರಿ ತೀರ್ಪು ಬರೆದುಬಿಡುತ್ತಾರೆ. ಪರೀಕ್ಷೆಯ ಫಲಿತಾಂಶದ ದಿನ ಮಕ್ಕಳ ಮುಖ ನೋಡಿದ ಯಾವ ತಾಯಿಗೂ ಈ ಮಾತಿನ ಭಾರ ಗೊತ್ತು.

ಅಂಥ ಮಗು ದಿನಕ್ಕೆ ನೂರು ಸಲ ಬಿದ್ದು ನೂರು ಸಲ ಏಳುವ ಜಾಗವೊಂದನ್ನು ಹುಡುಕಿಕೊಂಡರೆ ಅದರಲ್ಲಿ ಅಚ್ಚರಿಯೇನು? ಅಲ್ಲಿ ಯಾರೂ ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದಿಲ್ಲ. ಬಿದ್ದದ್ದು ಎಲ್ಲಿ, ಏಕೆ ಎಂಬುದು ಕಣ್ಣಿಗೆ ಕಾಣುತ್ತದೆ. ತಿದ್ದಿಕೊಂಡರೆ ದಾರಿ ಬಿಡುತ್ತದೆ.

ಸೆಲೆಸ್ಟ್ ಕಥೆಯ ನಡುವೆ ಒಂದು ಸನ್ನಿವೇಶ ಬರುತ್ತದೆ. ಹಗ್ಗದ ಮೇಲೆ ತೂಗಿ ಹೋಗುವ ತೊಟ್ಟಿಲಿನಂಥ ಗಾಡಿ ಬೆಟ್ಟದ ನಡುವೆ ನಿಂತುಬಿಡುತ್ತದೆ. ಮ್ಯಾಡಲಿನ್‌ಗೆ ಎದೆ ಬಡಿತ ಏರುತ್ತದೆ, ಸುತ್ತ ಕತ್ತಲು ಕವಿಯುತ್ತದೆ. ಜೊತೆಗಿದ್ದ ಥಿಯೊ ಎಂಬ ಹುಡುಗ "ಹೆದರಬೇಡ, ಏನೂ ಆಗಿಲ್ಲ" ಎಂದು ಉಪದೇಶಿಸುತ್ತ ಕೂರುವುದಿಲ್ಲ. ಒಂದು ಗರಿ ಮುಂದೆ ತೇಲುತ್ತಿದೆಯೆಂದು ಭಾವಿಸು, ನಿನ್ನ ಉಸಿರಿನಿಂದ ಅದನ್ನು ಮೇಲೆ ಕೆಳಗೆ ಮೆಲ್ಲಗೆ ತೇಲಿಸು ಎನ್ನುತ್ತಾನೆ. ಆಡುವವರೂ ಗುಂಡಿ ಒತ್ತಿ ಬಿಟ್ಟು ಆ ಗರಿಯನ್ನು ತೇಲಿಸಬೇಕು. ತಿಳಿಯದಂತೆಯೇ ಅವರ ಉಸಿರೂ ನಿಧಾನವಾಗುತ್ತದೆ. ಮುಂದೆ ಮ್ಯಾಡಲಿನ್ ತನ್ನ ಅಂಜಿಕೆಯ ರೂಪವನ್ನು ಓಡಿಸಿಬಿಡಲು ಹೋದಾಗ ಅದು ಕೆರಳಿ ಅವಳನ್ನೇ ಬೆಟ್ಟದ ಆಳಕ್ಕೆ ತಳ್ಳುತ್ತದೆ. ಅದರ ಜೊತೆ ಮಾತಾಡಿ ನೋಡು ಎನ್ನುವವಳು ಮೊದಲು ನಕ್ಕಿದ್ದ ಅಜ್ಜಿಯೇ. ಇಬ್ಬರೂ ರಾಜಿಯಾದ ಮೇಲೆ ಗಾಳಿಯಲ್ಲಿ ಒಂದರ ಬದಲು ಎರಡು ಸಲ ಚಿಮ್ಮುವ ಶಕ್ತಿ ಬರುತ್ತದೆ. ಒಳಗಿನ ಹೆದರಿಕೆಯನ್ನು ಹೊರಹಾಕದೆ ಜೊತೆಗೆ ಕರೆದುಕೊಂಡೇ ಅವಳು ತುದಿ ಮುಟ್ಟುತ್ತಾಳೆ.

ಅಮ್ಮಂದಿರಿಗೆ ಕೆಲವು ಸೂಚನೆಗಳು

* ಯಾವ ಆಟ, ಯಾವ ವಯಸ್ಸಿಗೆ ಎಂದು ಮೊದಲು ನೋಡಿ. ಅಮೆರಿಕದ ವರ್ಗೀಕರಣ ಮಂಡಳಿ ಸೆಲೆಸ್ಟನ್ನು 10 ವರ್ಷ ದಾಟಿದವರಿಗೆ ಎಂದಿದೆ. ಸೂಪರ್ ಮೀಟ್ ಬಾಯ್‌ನಲ್ಲಿ ರಕ್ತದ ಚಿತ್ರವೂ ಒರಟು ತಮಾಷೆಯೂ ಇರುವುದರಿಂದ ಅದು ಹದಿಹರೆಯದವರಿಗೆ.

* "ಈಗಿಂದೀಗಲೇ ಆರಿಸು" ಎಂದು ಸ್ವಿಚ್ಚಿಗೆ ಕೈ ಹಾಕಬೇಡಿ. "ಇನ್ನು ಐದು ಸಲ, ಆಮೇಲೆ ಏಳಬೇಕು" ಎಂದು ಒಪ್ಪಂದ ಮಾಡಿಕೊಳ್ಳಿ. ಸೆಲೆಸ್ಟ್‌ನಲ್ಲಿ ಸೇವ್ ಮಾಡಿ ಹೊರಬಂದರೆ ನಿಂತ ಕೋಣೆಯಿಂದಲೇ ನಾಳೆ ಮುಂದುವರಿಸಬಹುದು, ಏನೂ ನಷ್ಟವಿಲ್ಲ.

* ಹಲ್ಲು ಕಚ್ಚುವುದು, ಕೈ ಬಿಗಿಯಾಗುವುದು, ಸಿಡಿಮಿಡಿ ಕಂಡಿತೋ, ಅಲ್ಲಿಗೆ ಆ ದಿನದ ಕಲಿಕೆ ಮುಗಿಯಿತು ಎಂದು ತಿಳಿಯಿರಿ. ಒಂದು ಲೋಟ ಮಜ್ಜಿಗೆ ಕೊಟ್ಟು ಹೊರಗೆ ಕಳಿಸಿ. ನಿದ್ದೆ ಉಳಿದ ಕೆಲಸ ಮಾಡುತ್ತದೆ.

* ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಕಣ್ಣಿಗೆ ಆರಾಮ. ಕತ್ತಲ ಕೋಣೆಯಲ್ಲಿ ಆಡುವುದು ಬೇಡ. ಮಣಿಕಟ್ಟು, ಹೆಬ್ಬೆರಳು ನೋಯತೊಡಗಿದರೆ ಕೆಲವು ದಿನ ಬಿಡುವು ಕೊಡಿಸಿ.

* ಓದು, ಊಟ, ನಿದ್ದೆ, ಗೆಳೆಯರು ಎಲ್ಲವನ್ನೂ ಬಿಟ್ಟು ಆಟವೊಂದೇ ಆಗಿ, ಕೆಡುಕಾಗುತ್ತಿದ್ದರೂ ಬಿಡಲಾಗದ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ಅದನ್ನು ಬರಿಯ ಹಟವೆನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಇದಕ್ಕೆ ಸ್ಥಾನವಿದೆ. ಬೈಯದೆ ವೈದ್ಯರ ಸಲಹೆ ಪಡೆಯಿರಿ.

* "ಎಷ್ಟು ಸಲ ಸತ್ತೆ?" ಎಂದು ಹಂಗಿಸುವ ಬದಲು "ಎಲ್ಲಿ ಬೀಳ್ತಾ ಇದ್ದೀಯ, ತೋರಿಸು" ಎನ್ನಿ. ಮಗು ಬಾಯಿ ಬಿಟ್ಟು ವಿವರಿಸುತ್ತದೆ. ನಾಳೆ ಲೆಕ್ಕದ ಪುಸ್ತಕ ಹಿಡಿದಾಗಲೂ ಅದೇ ಪ್ರಶ್ನೆ ಕೇಳಿ ನೋಡಿ.

* ನಿಮಗೂ ಒಂದು ಕೈ ನೋಡೋಣ ಎನ್ನಿಸಿತೆ? ಸಂಕೋಚ ಬೇಡ. ನಾಲ್ಕು ದಿನದಲ್ಲಿ ಮಾಡಿದ ಆ ಮೊದಲ ಪುಟ್ಟ ಸೆಲೆಸ್ಟ್ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತದೆ. ಮೂವತ್ತು ಕೋಣೆಗಳು ಅಷ್ಟೆ. ದೊಡ್ಡದನ್ನು ಆಡುವುದಾದರೆ ಅಸಿಸ್ಟ್ ಮೋಡಿನಲ್ಲಿ ವೇಗ ಇಳಿಸಿಕೊಳ್ಳಿ. ಮಕ್ಕಳು ನಕ್ಕರೆ ನಗಲಿ. ಅಮ್ಮ ಬಿದ್ದು ಏಳುವುದನ್ನು ಅವರೂ ಒಮ್ಮೆ ನೋಡಬೇಕು.

ಮೂರು ಜೀವದ ಲೆಕ್ಕವನ್ನು ಆಟದವರೇ ಬಿಟ್ಟಿದ್ದಾರೆ. ಕಷ್ಟವನ್ನು ಕಷ್ಟವಾಗಿಯೇ ಇಟ್ಟು, ಬಿದ್ದವರಿಗೆ ಮಾತ್ರ ಮತ್ತೊಂದು ಸಲ, ಮಗದೊಂದು ಸಲ ಎಂದು ಬಾಗಿಲು ತೆರೆದಿಟ್ಟಿದ್ದಾರೆ. ಈ ಸಲದ ಫಲಿತಾಂಶದ ದಿನ ಮಗಳು ಮುಖ ಬಾಡಿಸಿಕೊಂಡು ಬಂದರೆ, ಸ್ಕೂಟರಿನ ಕೀಲಿಕೈ ಇನ್ನೊಮ್ಮೆ ಕೊಡಿರೆಂದು ಸೊಸೆ ಅಂಜುತ್ತ ಕೇಳಿದರೆ, ಒಂದು ಹಿಡಿ ಕೊಸರು ನಿಮ್ಮ ಕೈಯಿಂದಲೂ ಬೀಳಲಿ.